ಹೆಸರು ಹಿಡಿದು ನಗಿಸಿದವರು

ಹಟ್ಟಿಯಲ್ಲಿ ಒಂದು ಗಣೇಶ ಹಬ್ಬದ ರಾತ್ರಿ. ಶಾಮಿಯಾನದ ಹಿಂದೆ, ಜನರೇಟರ್ ಗುಡುಗುವ ಮಗ್ಗುಲಲ್ಲಿ, ನನ್ನ ಗೆಳೆಯನೊಬ್ಬ ನಾಲ್ಕು ಮಡಿಕೆ ಮಾಡಿದ ಕಾಗದ ಹಿಡಿದು ನಿಂತಿದ್ದ. ಚಿನ್ನದ ಗಣಿಯಲ್ಲಿ ಪಾಳಿ ಮೇಲೆ ದುಡಿಯುವವನು. ಬಿಡುವಿದ್ದಾಗ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಕಾರ್ಯಕ್ರಮಗಳಲ್ಲಿ ನಗೆಮಾತು ಹೇಳುತ್ತಾನೆ. ಅವತ್ತು ಆರ್ಕೆಸ್ಟ್ರಾದ ಎರಡು ಹಾಡುಗಳ ನಡುವೆ ಅವನಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದರು. ಕೆಟ್ಟ ರಸ್ತೆ, ಬಾರದ ನೀರು, ಎಲೆಕ್ಷನ್ ಬಂದಾಗ ಮಾತ್ರ ನೆನಪಾಗುವ ಓಣಿ, ಇವೇ ಅವನ ಸರಕು. ಸಂಘಟಕರಲ್ಲಿ ಹಿರಿಯರೊಬ್ಬರು ಬಂದು ಹೆಗಲ ಮೇಲೆ ಕೈಯಿಟ್ಟರು.

‘ತಮ್ಮಾ, ಏನರ ಹೇಳು, ಹೆಂಗರ ಹೇಳು. ಹೆಸ್ರು ಮಾತ್ರ ತಗೀಬ್ಯಾಡ. ಮುಂದಿನ ಸಾಲಿನ್ಯಾಗ ಎಲ್ಲಾ ಪಾರ್ಟಿಯವ್ರೂ ಕುಂತಾರ.’

‘ಹೂಂನ್ರಿ ಕಾಕಾ’ ಅಂದ. ಕಾಗದ ಬಿಚ್ಚಿದ, ನನ್ನ ಜೇಬಿನಿಂದಲೇ ಪೆನ್ನು ತೆಗೆದುಕೊಂಡ, ಮೂರು ಕಡೆ ಗೀಟು ಎಳೆದ. ಮೂರು ಹೆಸರು ಹೋದವು. ಆಮೇಲೆ ವೇದಿಕೆ ಹತ್ತಿ ಇಪ್ಪತ್ತು ನಿಮಿಷ ಮಾತಾಡಿದ. ಜನ ಚೆನ್ನಾಗಿಯೇ ನಕ್ಕರು. ಕಾಗದ ನೋಡಿದ್ದ ನನಗೆ ಮಾತ್ರ ಆ ಮೂರು ಜಾಗ ಬಂದಾಗ ಅವನ ದನಿ ಸಣ್ಣಗೆ ಮುಗ್ಗರಿಸಿದ್ದು ಕೇಳಿಸಿತು. ನಡೆಯುವವನಿಗೆ ಕತ್ತಲಲ್ಲಿ ಒಂದು ಮೆಟ್ಟಿಲು ಸಿಗದೇ ಹೋದ ಹಾಗೆ. ಎರಡು ದಿನ ಬಿಟ್ಟು ಪತ್ರಿಕೆಯ ಒಳಪುಟದಲ್ಲಿ ಸುದ್ದಿ ಬಂತು. ಗಣ್ಯರ ಹೆಸರುಗಳೆಲ್ಲ ಸಾಲಾಗಿ ಇದ್ದವು. ಕೊನೆಯಲ್ಲಿ, ಪ್ರೇಕ್ಷಕರನ್ನು ನಗೆಗಡಲಲ್ಲಿ ತೇಲಿಸಿದರು ಎಂಬ ಒಂದು ವಾಕ್ಯ.

ಆ ವಾಕ್ಯವನ್ನು ನಾನು ಚಿಕ್ಕಂದಿನಿಂದ ಓದುತ್ತ ಬಂದಿದ್ದೇನೆ. ಯಾವ ಊರು, ಯಾರ ಮಾತು, ಯಾವ ವರ್ಷ ಎಂಬುದರ ಹಂಗಿಲ್ಲದೆ ಅದು ಬರುತ್ತದೆ. ಹಾಡಿದವರು ಯಾವ ಹಾಡು ಹಾಡಿದರೆಂದು ಬರೆಯುತ್ತಾರೆ, ಭಾಷಣ ಮಾಡಿದವರು ಏನು ಹೇಳಿದರೆಂದು ಬರೆಯುತ್ತಾರೆ. ನಗಿಸಿದವನ ಮಾತು ಮಾತ್ರ ಆ ಕಡಲಲ್ಲಿ ಮುಳುಗಿ ಹೋಗುತ್ತದೆ. ರಾಜಕಾರಣದ ಬಗ್ಗೆ ನಗಿಸಿದವನದಂತೂ ಇನ್ನೂ ಆಳಕ್ಕೆ. ನಗೆಮಾತೂ ಒಂದು ಅಭಿಪ್ರಾಯ, ಅದನ್ನೂ ಯಾರು ಯಾರಿಗೆ ಹೇಳಿದರು ಎಂದು ಬರೆದಿಡಬೇಕು ಎಂಬ ನನ್ನ ಹಟ ಹುಟ್ಟಿದ್ದು ಆ ಕಾಗದದ ಮೂರು ಗೀಟುಗಳಿಂದ.

ನಮ್ಮ ಸೀಮೆಗೆ ಹೆಸರು ಕೇಳುವುದು ಹೊಸದೇನೂ ಅಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ರಾಜ ಭುಜಕೀರ್ತಿ ಕಿರೀಟ ತೊಟ್ಟು, ಅಟ್ಟ ನಡುಗುವಂತೆ ಹೆಜ್ಜೆ ಹಾಕುತ್ತ ಬರುತ್ತಾನೆ. ಎದುರಿಗೆ ನಿಂತ ಸಾರಥಿ ಅವನನ್ನು ತಡೆದು, ತಾವು ಯಾರು, ಎಲ್ಲಿಯವರು, ತಮ್ಮ ನಾಮಾಂಕಿತ ಏನು ಎಂದು ಕೇಳುತ್ತಾನೆ. ಎಂಥ ರಾಜನೇ ಆಗಲಿ, ರಾವಣನೇ ಆಗಲಿ, ಅಟ್ಟದ ಮೇಲೆ ತನ್ನ ಹೆಸರು ತಾನೇ ಹೇಳಬೇಕು. ಹೇಳಿಕೊಂಡ ಮೇಲೆ ಸಾರಥಿ ಬಿಡುತ್ತಾನೆಯೇ? ರಾಜನ ಬಡಾಯಿಗೆಲ್ಲ ಒಂದೊಂದು ಕೊಕ್ಕೆ ಹಾಕುತ್ತ, ನಡುವೆ ಊರ ಗೌಡನನ್ನೋ ಶಾನುಭೋಗನನ್ನೋ ಎಳೆದು ತರುತ್ತ, ಬೆಳಗಿನ ತನಕ ಅಲ್ಲೇ ಇರುತ್ತಾನೆ. ಈಗ ನಗರಗಳಲ್ಲಿ ಮೈಕು ಹಿಡಿದು ಒಂಟಿಯಾಗಿ ನಿಂತು ಮಾತಾಡುವ ಕಲೆಗೆ ಸ್ಟ್ಯಾಂಡ್-ಅಪ್ ಎನ್ನುತ್ತಾರೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಸಾರಥಿಯೇ ನೆನಪಾದ. ವ್ಯತ್ಯಾಸ ಇಷ್ಟೇ: ರಾಜ ಅಟ್ಟ ಬಿಟ್ಟು ಮುಂದಿನ ಸಾಲಿನ ಸೋಫಾದಲ್ಲಿ ಕುಳಿತಿದ್ದಾನೆ.

ಹೆಸರಿನ ಇನ್ನೊಂದು ಕತೆ ಹಟ್ಟಿಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಮಸ್ಕಿಯ ಬಂಡೆಯ ಮೇಲಿದೆ. ದೇಶದ ತುಂಬ ಸಿಕ್ಕ ಶಾಸನಗಳಲ್ಲಿ ಅರಸ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಬಿರುದಿನಿಂದಲೇ ಕರೆದುಕೊಂಡಿದ್ದ. ಆ ಬಿರುದಿನ ಹಿಂದಿರುವವನು ಅಶೋಕನೇ ಎಂದು ಪಂಡಿತರು ಊಹಿಸಿದ್ದರು. ಆದರೆ ಶಾಸನದಲ್ಲೇ ಹೆಸರು ಬೇಕಿತ್ತು. 1915ರಲ್ಲಿ ಬಂಗಾರದ ನೆಲ ಹುಡುಕುತ್ತ ಬಂದಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಬರಹ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಬಿರುದಿನ ಜತೆಗೆ ಅಶೋಕ ಎಂಬ ಹೆಸರು ಅಲ್ಲಿತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳದಲ್ಲಿ ಹೆಸರಿರುವ ಶಾಸನಗಳು ಸಿಕ್ಕವು. ಬಿರುದು ನೂರು ಕಡೆ ಇದ್ದರೂ ಒಂದು ಕಡೆ ಹೆಸರು ಸಿಕ್ಕಿದ್ದರಿಂದಲೇ ಚರಿತ್ರೆ ಗಟ್ಟಿಯಾಯಿತು. ಮಾನ್ಯ ಸಚಿವರು, ಸ್ಥಳೀಯ ಮುಖಂಡರು, ಕೆಲವು ರಾಜಕಾರಣಿಗಳು ಎಂದು ಸುತ್ತಿ ಸುತ್ತಿ ಬರೆದ ಸುದ್ದಿ ಓದಿದಾಗೆಲ್ಲ ನನಗೆ ಮಸ್ಕಿಯ ಬಂಡೆ ನೆನಪಾಗುತ್ತದೆ.

ಕನ್ನಡದಲ್ಲಿ ಆಳುವವರನ್ನು ಹೆಸರು ಹಿಡಿದು ಕೂಗಿ ನಗಿಸಿದವರೆಂದರೆ ಮಾಸ್ಟರ್ ಹಿರಣ್ಣಯ್ಯ. ಅವರ ಹುಟ್ಟುಹೆಸರು ನರಸಿಂಹಮೂರ್ತಿ. 1934ರ ಫೆಬ್ರವರಿ 15ರಂದು ಮೈಸೂರಿನಲ್ಲಿ ಹುಟ್ಟಿದವರು. ತಂದೆ ಕೆ. ಹಿರಣ್ಣಯ್ಯನವರು ‘ಮಕ್ಮಲ್ ಟೋಪಿ’ ನಾಟಕದ ನಾಣಿಯಿಂದ ಮನೆಮಾತಾಗಿದ್ದ ದೊಡ್ಡ ನಟ. 1953ರಲ್ಲಿ ತಂದೆ ತೀರಿಕೊಂಡರು. ಮಗನಿಗೆ ಆಗ ಹತ್ತೊಂಬತ್ತು ವರ್ಷ. ಕಂಪನಿ ನಾಟಕದ ಮನೆಯಲ್ಲಿ ಯಜಮಾನ ಹೋದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಪರದೆ, ಪೇಟಿ, ನಟರ ಬಾಕಿ ಸಂಬಳ, ಮುಂದಿನ ಕ್ಯಾಂಪಿನ ಮುಂಗಡ ಎಲ್ಲವೂ ಒಮ್ಮೆಗೇ ತಲೆ ಮೇಲೆ ಬರುತ್ತವೆ. ಹಿರಣ್ಣಯ್ಯ ಮಿತ್ರ ಮಂಡಳಿಯ ಹೆಸರಿನಲ್ಲಿ ಹುಡುಗ ಅದನ್ನೆಲ್ಲ ಹೊತ್ತುಕೊಂಡ. ಐವತ್ತರ ದಶಕದ ಕೊನೆಗೆ ‘ಲಂಚಾವತಾರ’ ಬಂತು. ಅದು 10,000ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ‘ನಡುಬೀದಿ ನಾರಾಯಣ’, ‘ಭ್ರಷ್ಟಾಚಾರ’, ‘ಕಪಿಮುಷ್ಟಿ’ ಎಂದು ಸಾಲು ಬೆಳೆಯಿತು.

ಹೆಸರಿಗೆ ಅವು ನಾಟಕಗಳು. ಕತೆಯೂ ಇತ್ತು, ಪಾತ್ರಗಳೂ ಇದ್ದವು. ಆದರೆ ಜನ ಕಾಯುತ್ತಿದ್ದದ್ದು ಹಿರಣ್ಣಯ್ಯನವರು ಪಾತ್ರದಿಂದ ಒಂದು ಹೆಜ್ಜೆ ಹೊರಗೆ ಬಂದು, ಜತೆಯ ನಟನನ್ನು ಅಲ್ಲೇ ನಿಲ್ಲಿಸಿ, ನೇರ ನಮ್ಮ ಕಡೆ ತಿರುಗುವ ಗಳಿಗೆಗೆ. ಅಲ್ಲಿಂದ ಮುಂದಿನದು ಬರೆದಿಟ್ಟ ಮಾತಲ್ಲ. ಅವತ್ತಿನ ಸುದ್ದಿ, ಆ ಊರಿನ ವಿಷಯ, ನಿನ್ನೆ ಪಕ್ಷ ಬಿಟ್ಟವರು, ಇಂದು ಪ್ರಮಾಣವಚನ ತೆಗೆದುಕೊಂಡವರು ಎಲ್ಲರೂ ರಂಗಕ್ಕೆ ಬರುತ್ತಿದ್ದರು. ಹೀಗಾಗಿ ಒಂದೇ ನಾಟಕವನ್ನು ಹತ್ತು ಸಲ ನೋಡಿದವರು ಹತ್ತು ನಾಟಕ ನೋಡಿದಂತೆ. ‘ಲಂಚಾವತಾರ’ ಹುಟ್ಟಿದಾಗ ಮುಖ್ಯಮಂತ್ರಿ ಜತ್ತಿಯವರು. ಆಮೇಲೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ, ದೇವರಾಜ ಅರಸು, ಗುಂಡೂರಾವ್, ಹೆಗಡೆ, ಬಂಗಾರಪ್ಪ, ಪಟೇಲ್ ಎಂದು ಕುರ್ಚಿಯ ಮೇಲಿನವರು ಬದಲಾದರು. ಲಂಚದ ಅವತಾರ ಮುಗಿಯಲಿಲ್ಲ, ನಾಟಕವೂ ಹಳತಾಗಲಿಲ್ಲ. ಆಳುವವರ ಜತೆ ಜಗಳ, ಕೋರ್ಟು, ಕೇಸು ಎಲ್ಲವನ್ನೂ ಅವರು ಕಂಡರು.

ಅವರ ಎಲ್ಲ ಮಾತೂ ನನಗೆ ಒಪ್ಪಿಗೆ ಎಂದು ಹೇಳಲಾರೆ. ಕಂಪನಿ ನಾಟಕದ ಹಾಸ್ಯದಲ್ಲಿ ಹೆಣ್ಣಿನ ಬಗ್ಗೆ ಬರುವ ಮಾತುಗಳು ಆಗಲೂ ನಮ್ಮವ್ವನಿಗೆ ಹಿಡಿಸುತ್ತಿರಲಿಲ್ಲ, ಈಗ ನನಗೂ ಹಿಡಿಸುವುದಿಲ್ಲ. ಆದರೆ ಅಧಿಕಾರದಲ್ಲಿರುವವನ ಎದುರು ನಿಂತು, ಅವನದೇ ಊರಲ್ಲಿ, ಅವನ ಹೆಸರಿನಿಂದಲೇ ಅವನ ಕೆಲಸದ ಲೆಕ್ಕ ಕೇಳುವ ಧೈರ್ಯವನ್ನು ಐದಾರು ದಶಕ ಬಿಡದೆ ಉಳಿಸಿಕೊಂಡವರು ನಮ್ಮ ಭಾಷೆಯಲ್ಲಿ ಇನ್ನೊಬ್ಬರಿಲ್ಲ.

ಹಟ್ಟಿ ಕ್ಯಾಂಪಿನಲ್ಲಿ ನಾನು ಬೆಳೆಯುವಾಗ ಆ ದನಿ ನಮಗೆ ಬಂದದ್ದು ಕ್ಯಾಸೆಟ್ಟಿನಲ್ಲಿ. ಹೋಟೆಲಿನ ಗಲ್ಲೆಯ ಮೇಲೆ ಒಂದು ಟೇಪ್ ರೆಕಾರ್ಡರ್ ಇತ್ತು. ರಾತ್ರಿ ಪಾಳಿ ಮುಗಿಸಿ ಬಂದವರು ವಗ್ಗರಣಿ-ಮಿರ್ಚಿ ಮುಂದಿಟ್ಟುಕೊಂಡು ಕೇಳುತ್ತಿದ್ದರು. ನೆಲದ ಕೆಳಗೆ ಎಂಟು ತಾಸು ಇದ್ದು ಮೇಲೆ ಬಂದವರ ಮುಖ ಹೇಗಿರುತ್ತದೆಂದು ಗಣಿಯ ಊರಿನವರಿಗೆ ಗೊತ್ತು. ಕಣ್ಣಿನ ಸುತ್ತ ಕಲ್ಲಿನ ಪುಡಿ, ಹುಬ್ಬಿನ ಮೇಲೆ ಹೆಲ್ಮೆಟ್ಟಿನ ಗೆರೆ. ಕ್ಯಾಸೆಟ್ಟಿನಲ್ಲಿ ಮಂತ್ರಿಯ ಹೆಸರು ಬಂದ ಕೂಡಲೇ ಆ ಮುಖಗಳು ಒಂದನ್ನೊಂದು ನೋಡಿಕೊಳ್ಳುತ್ತಿದ್ದವು. ಮೊದಲು ನಗು ಬರುತ್ತಿರಲಿಲ್ಲ. ಹಿಂಗ ಅನ್ನಬಹುದೇನು ಎಂಬ ಬೆರಗು ಬರುತ್ತಿತ್ತು. ಅದರ ಬೆನ್ನಿಗೆ ನಗು. ಆ ಎರಡರ ನಡುವಿನ ಅರೆಗಳಿಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಸರಿಲ್ಲದ ಹಾಸ್ಯಕ್ಕೆ ಆ ಬೆರಗು ಹುಟ್ಟುವುದಿಲ್ಲ.

ಹಿರಣ್ಣಯ್ಯನವರು ತೀರಿಕೊಂಡದ್ದು 2019ರ ಮೇ 2ರಂದು, ಬೆಂಗಳೂರಿನಲ್ಲಿ, ಎಂಬತ್ತೈದನೇ ವಯಸ್ಸಿಗೆ. ಕಾಲ ಎಂಥದಿತ್ತು ನೋಡಿ. ಲೋಕಸಭೆ ಚುನಾವಣೆ ನಡೆದಿತ್ತು. ರಾಯಚೂರು ಸೇರಿ ರಾಜ್ಯದ ಎರಡನೇ ಹಂತದ ಕ್ಷೇತ್ರಗಳು ಏಪ್ರಿಲ್ 23ರಂದು ಮತ ಹಾಕಿದ್ದವು, ಎಣಿಕೆ ಮೇ 23ಕ್ಕೆ ಇತ್ತು. ಮತಯಂತ್ರಗಳು ಬೀಗ ಹಾಕಿಸಿಕೊಂಡು ಕುಳಿತಿದ್ದ ಆ ನಡುವಿನ ತಿಂಗಳಲ್ಲಿ ಅವರು ಹೋದರು. ಮರುದಿನದ ಪತ್ರಿಕೆಗಳನ್ನು ನಾನು ತೆಗೆದಿಟ್ಟಿದ್ದೇನೆ. ಪ್ರೀತಿಯಿಂದಲೇ ಬರೆದಿದ್ದರು. ನಾಟಕಗಳ ಹೆಸರು, ಪ್ರದರ್ಶನಗಳ ಸಂಖ್ಯೆ, ಪ್ರಶಸ್ತಿ, ಗಣ್ಯರ ಸಂತಾಪ ಎಲ್ಲ ಇದ್ದವು. ನನಗೆ ಬೇಕಾದದ್ದು ಬೇರೆ. ಇಂಥ ವರ್ಷ, ಇಂಥ ಊರಲ್ಲಿ, ಇಂಥವರ ಎದುರು ಇಂಥ ಮಾತು ಹೇಳಿದರು, ಅವರು ಎದ್ದು ಹೋದರೋ ಕೂತು ನಕ್ಕರೋ ಎಂಬುದು. ಅಷ್ಟೊಂದು ಪ್ರದರ್ಶನಗಳಲ್ಲಿ ಆಡಿದ ಮಾತುಗಳೆಲ್ಲ ಕನ್ನಡನಾಡಿನ ರಾಜಕೀಯ ಚರಿತ್ರೆಯೇ. ಅದರಲ್ಲಿ ಪತ್ರಿಕೆಯ ಕಾಗದದ ಮೇಲೆ ಉಳಿದದ್ದು ಚಿಟಿಕೆಯಷ್ಟು. ಮಿಕ್ಕದ್ದು ಕ್ಯಾಸೆಟ್ಟುಗಳಲ್ಲಿ, ವಿಡಿಯೊಗಳಲ್ಲಿ, ನೋಡಿದವರ ಬಾಯಲ್ಲಿ ಇದೆ. ನೋಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಪತ್ರಿಕೆಗಳಿಗೆ ನಗೆ ಬೇಡವಾಗಿತ್ತು ಎಂದರೆ ಅನ್ಯಾಯವಾದೀತು. ಡಾ. ಎಂ. ಶಿವರಾಂ, ನಮ್ಮ ರಾಶಿ, 1942ರಲ್ಲಿ ‘ಕೊರವಂಜಿ’ ಶುರುಮಾಡಿ 1967ರ ತನಕ ನಡೆಸಿದರು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್, ಅಂದರೆ ಬೀಚಿ, ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿಕೊಂಡೇ ತಿಂಮನ ಬಾಯಿಂದ ಎಲ್ಲರಿಗೂ ತಿವಿದರು. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಆಳುವವರಿಗೆ ಅಡ್ಡಹೆಸರಿಟ್ಟು ಊರೂರಿಗೆ ಹಂಚಿತು. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿ ಮುಂದೆ ಅದಕ್ಕಾಗಿ ಕಾಯುತ್ತಿದ್ದವರಲ್ಲಿ ನಮ್ಮ ಮಾವನೂ ಒಬ್ಬ. ಹಾಗಾಗಿ ಬರೆದ ನಗೆಗೆ ನಮ್ಮಲ್ಲಿ ಮರ್ಯಾದೆ ಇತ್ತು. ಆಡಿದ ನಗೆಗೆ ಆ ಮರ್ಯಾದೆ ಸಿಗಲಿಲ್ಲ ಎಂಬುದಷ್ಟೇ ನನ್ನ ದೂರು. ಅದನ್ನು ಮನರಂಜನೆಯ ಪುಟಕ್ಕೆ ಕಳಿಸಿಬಿಟ್ಟರು.

ಇಲ್ಲಿ ವರದಿಗಾರನ ಕಷ್ಟವನ್ನೂ ಹೇಳಬೇಕು. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಕಳಿಸುವ ಹುಡುಗನಿಗೆ ಸಂಬಳ ಎಂಬುದು ಹೆಸರಿಗೆ ಮಾತ್ರ. ಹಬ್ಬಕ್ಕೆ, ನಾಯಕರ ಹುಟ್ಟುಹಬ್ಬಕ್ಕೆ ಜಾಹೀರಾತು ತರುವುದೂ ಅವನ ತಲೆಗೇ ಬರುತ್ತದೆ. ಯಾರಿಂದ ಜಾಹೀರಾತು ಕೇಳಬೇಕೋ ಅವರನ್ನು ವೇದಿಕೆಯ ಮೇಲೆ ಯಾರೋ ಆಡಿಕೊಂಡದ್ದನ್ನು ಅವನು ಹೇಗೆ ಬರೆದಾನು? ‘ಅಣ್ಣಾ, ಬರದ್ರ ನಾಳಿ ಅವರ ಮನಿ ಮುಂದ ಹ್ಯಾಂಗ ನಿಂದ್ರಲಿ’ ಎಂದು ಒಬ್ಬ ನನ್ನನ್ನೇ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಗೆಗಡಲಿನ ವಾಕ್ಯ ಬರುವುದು ಅಲ್ಲಿಂದ. ಅದರಿಂದ ಯಾರಿಗೂ ನೋವಾಗುವುದಿಲ್ಲ.

ಗಣಿಯ ಗೆಳೆಯ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅವನ ಕೆಲಸ ಮಿಲ್ಲಿನಲ್ಲಿ. ಹಟ್ಟಿಯಲ್ಲಿ ಬಂಗಾರ ಗಟ್ಟಿಗಟ್ಟಿಯಾಗಿ ಸಿಗುತ್ತದೆಂದು ಹೊರಗಿನವರು ತಿಳಿದಿರುತ್ತಾರೆ. ನಿಜದಲ್ಲಿ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಕಲ್ಲನ್ನು ಹಿಟ್ಟಾಗುವ ತನಕ ಅರೆಯಬೇಕು, ಸಯನೈಡಿನ ನೀರಿನಲ್ಲಿ ಕರಗಿಸಬೇಕು, ಬಂಗಾರವನ್ನು ಬೇರೆ ಮಾಡಬೇಕು, ಉಳಿದ ಬೂದಿಬಣ್ಣದ ರಾಡಿಯನ್ನು ಹೊರಗೆ ಹಾಕಬೇಕು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶ ನೆಚ್ಚಿಕೊಂಡಿರುವ ಚಿನ್ನದ ಗಣಿ ಇದೇ. ‘ನಾವು ಕಲ್ಲ ಒಗದು ಬಂಗಾರ ಇಟಗೋತೀವಿ’ ಅಂದ ಗೆಳೆಯ. ‘ಪೇಪರ್‌ನ್ಯಾಗ ನನ್ನ ಇಪ್ಪತ್ತು ನಿಮಿಷದ ಬಂಗಾರ ಒಗದು ಕಲ್ಲ ಇಟಗೊಂಡ್ರು ನೋಡು.’

ಹೆಸರು ತೆಗೆಯಬೇಡ ಎಂದ ಹಿರಿಯರನ್ನೂ ನಾನು ದೂರಲಾರೆ. ಕಾರ್ಯಕ್ರಮ ಮಾಡಬೇಕೆಂದರೆ ಠಾಣೆಯಿಂದ ಅನುಮತಿ ತರಬೇಕು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅದಕ್ಕೆ ದಾರಿಯಿದೆ. ಮೈಕಿಗೆ ಬೇರೆ ಅನುಮತಿ, ಅದೂ ರಾತ್ರಿ 10ರ ತನಕ. ನಾಟಕವನ್ನೇ ತಡೆಯುವ ಅಧಿಕಾರ ಕೊಡುವ 1964ರ ರಾಜ್ಯ ಕಾಯ್ದೆಯೂ ಇದೆ. ಅದರ ಬೇರು ಇನ್ನೂ ಹಿಂದಿನದು, ಮತ್ತು ಅದು ಹುಟ್ಟಿದ್ದೇ ಒಂದು ನಗೆನಾಟಕದಿಂದ.

1876ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿಯ ಮಗ, ವೇಲ್ಸಿನ ರಾಜಕುಮಾರ, ಕಲಕತ್ತೆಗೆ ಬಂದಿದ್ದ. ಜಗದಾನಂದ ಮುಖರ್ಜಿ ಎಂಬ ವಕೀಲರು ಅವನನ್ನು ಮನೆಯೊಳಗಿನ ಹೆಂಗಸರ ಅಂಗಳದ ತನಕ ಕರೆದೊಯ್ದು ಸತ್ಕರಿಸಿದರು. ಊರೆಲ್ಲ ಮಾತಾಯಿತು. ಫೆಬ್ರವರಿಯಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು ‘ಗಜದಾನಂದ’ ಎಂದು ಎರಡಕ್ಷರ ತಿರುಗಿಸಿ ನಾಟಕ ಆಡಿದರು. ಪೊಲೀಸರು ತಡೆದರು. ತಂಡದವರು ಹೆಸರು ಬದಲಿಸಿ, ಹನುಮಂತನ ಚರಿತ್ರೆ ಎಂದು ಅದನ್ನೇ ಆಡಿದರು. ಅದನ್ನೂ ತಡೆದಾಗ ಪೊಲೀಸರ ಮೇಲೇ ನಾಟಕ ಬರೆದರು. ಕಲಕತ್ತೆಯ ಪೊಲೀಸ್ ಕಮಿಷನರ್ ಹೆಸರು ಹಾಗ್, ಸೂಪರಿಂಟೆಂಡೆಂಟ್ ಹೆಸರು ಲ್ಯಾಂಬ್. ನಾಟಕದ ಹೆಸರು ಹಂದಿ ಮತ್ತು ಕುರಿಯ ಪೊಲೀಸು. ಅಷ್ಟರಲ್ಲಿ ವೈಸರಾಯ್ ನಾರ್ತ್‌ಬ್ರೂಕ್ ಸುಗ್ರೀವಾಜ್ಞೆ ಹೊರಡಿಸಿದ್ದ. ನಾಲ್ಕಾರು ದಿನದಲ್ಲೇ ರಂಗದವರು ಬಂಧನಕ್ಕೊಳಗಾದರು. ವರ್ಷದ ಕೊನೆಗೆ ದೇಶಕ್ಕೆಲ್ಲ ನಾಟಕ ಪ್ರದರ್ಶನ ಕಾಯ್ದೆ ಬಂತು. ಬ್ರಿಟಿಷರು ಹೋಗಿ ಏಳು ದಶಕ ಕಳೆದ ಮೇಲೆ, 2018ರ ಆರಂಭಕ್ಕೆ, ಕೇಂದ್ರದ ಆ ಹಳೆಯ ಕಾಯ್ದೆ ಪುಸ್ತಕದಿಂದ ಹೋಯಿತು. ಹೆಸರಿನ ಎರಡಕ್ಷರ ತಿರುಗಿಸಿದ್ದಕ್ಕೆ ನೂರ ನಲವತ್ತು ವರ್ಷ ಬಾಳಿದ ಕಾನೂನು! ಹೆಸರಿಗೆ ಎಷ್ಟು ಬಲವಿದೆ ಎಂದು ಆಳುವವರಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಹಿರಣ್ಣಯ್ಯನವರು ತಂದೆಯನ್ನು ಕಳೆದುಕೊಂಡ 1953ರಲ್ಲೇ, ಅವರಿಗೂ ನಮಗೂ ಗೊತ್ತಿಲ್ಲದ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಒಂದು ನೆಲಮಾಳಿಗೆಯ ಕ್ಲಬ್ಬಿನಲ್ಲಿ ಮಾರ್ಟ್ ಸಾಲ್ ಎಂಬ ಇಪ್ಪತ್ತಾರರ ಯುವಕ ಮೈಕಿನ ಮುಂದೆ ನಿಂತ. ಸೂಟು ಟೈ ಇಲ್ಲ, ಸಾದಾ ಸ್ವೆಟರು. ಕೈಯಲ್ಲಿ ಸುರುಳಿ ಸುತ್ತಿದ ಅವತ್ತಿನ ಪತ್ರಿಕೆ. ಅತ್ತೆ-ಸೊಸೆ ಹಾಸ್ಯವನ್ನೇ ಕೇಳಿ ಬೇಸತ್ತಿದ್ದ ಜನರಿಗೆ ಅವನು ಸೆನೆಟರ್ ಮೆಕಾರ್ಥಿ, ಅಧ್ಯಕ್ಷ ಐಸೆನ್‌ಹೋವರ್ ಅವರ ಹೆಸರೆತ್ತಿ ಮಾತಾಡಿದ. 1960ರ ಆಗಸ್ಟ್ 15ರ ‘ಟೈಮ್’ ಪತ್ರಿಕೆ ಅವನನ್ನು ಮುಖಪುಟಕ್ಕೆ ತಂದಿತು. ಹಾಸ್ಯಗಾರನ ಮಾತನ್ನು ರಾಜಕೀಯ ಸುದ್ದಿಯೆಂದು ಒಪ್ಪಿಕೊಂಡ ಹಾಗಾಯಿತು. ಅದೇ ವರ್ಷ ಕೆನಡಿಯ ಪ್ರಚಾರ ಭಾಷಣಗಳಿಗೆ ಅವನು ನಗೆಮಾತು ಬರೆದುಕೊಟ್ಟ. ಕೆನಡಿ ಗೆದ್ದ ಮೇಲೆ ಕೆನಡಿಯನ್ನೇ ಆಡಿಕೊಳ್ಳತೊಡಗಿದ. ಕುರ್ಚಿಯ ಮೇಲೆ ಕೂತವನು ಗೆಳೆಯನಾದರೂ ಬಿಡಬಾರದು ಎಂಬುದು ಅವನ ಧರ್ಮ. 1963ರಲ್ಲಿ ಕೆನಡಿಯ ಕೊಲೆಯಾಯಿತು. ತನಿಖಾ ಆಯೋಗದ ವರದಿಯನ್ನು ಸಾಲ್ ವೇದಿಕೆಗೇ ತಂದು, ಪುಟ ತೆರೆದು ಓದಿ, ಪ್ರಶ್ನೆ ಕೇಳತೊಡಗಿದ. ಜನರಿಗೆ ನಗು ಬರಲಿಲ್ಲ. ಕಾರ್ಯಕ್ರಮಗಳು ಕಡಿಮೆಯಾದವು, ಹಿಂದೆ ಹೊಗಳಿದ ಪತ್ರಿಕೆಗಳು ತಿರುಗಿ ನೋಡಲಿಲ್ಲ. 2021ರಲ್ಲಿ ತೀರಿಕೊಳ್ಳುವ ತನಕ ಅವನು ಕೈಯ ಪತ್ರಿಕೆ ಬಿಡಲಿಲ್ಲ. ಹಿರಣ್ಣಯ್ಯ, ಸಾಲ್ ಇಬ್ಬರದೂ ಒಂದೇ ಕಸುಬು, ಒಂದೇ ಕಾಲ. ಅವನ ಮಾತನ್ನು ಅಲ್ಲಿನ ಪತ್ರಿಕೆಗಳು ತೂಗಿ ನೋಡಿದವು, ಹೊಗಳಿದವು, ಕೈಬಿಟ್ಟವು. ಕೈಬಿಟ್ಟದ್ದೂ ದಾಖಲೆಯಾಗಿ ಉಳಿಯಿತು.

ನಮ್ಮ ಪಕ್ಕದ ಗಂಗಾವತಿಯಿಂದ ಬಂದ ಪ್ರಾಣೇಶ್ ಅವರ ಹೆಸರು ಹೇಳದೆ ಈ ಸೀಮೆಯ ನಗೆಯ ಮಾತು ಪೂರ್ತಿಯಾಗದು. ಬೀಚಿಯನ್ನು ಗುರುವೆಂದು ನೆನೆಯುವ ಅವರು ಉತ್ತರ ಕರ್ನಾಟಕದ ಮಾತನ್ನೇ ಬಂಡವಾಳ ಮಾಡಿಕೊಂಡು, ಬೆಂಗಳೂರಿನ ಸಭಾಂಗಣಗಳಿಂದ ಹೊರದೇಶದ ಕನ್ನಡ ಕೂಟಗಳ ತನಕ ಹೋದರು. ನಮ್ಮ ಆಡುಮಾತನ್ನು ಕೇಳಿ ಹಾಸ್ಯ ಮಾಡುತ್ತಿದ್ದವರು ಅದೇ ಮಾತು ಕೇಳಲು ಟಿಕೆಟ್ ತೆಗೆಯುವಂತೆ ಆದದ್ದು ಸಣ್ಣ ಸಂಗತಿಯಲ್ಲ. ಅವರ ಸರಕು ಹೆಚ್ಚಾಗಿ ಮನೆ, ಶಾಲೆ, ಊಟ, ಗಂಡ-ಹೆಂಡತಿ. ರಾಜಕಾರಣ ಬಂದರೂ ದಾರಿಯಲ್ಲಿ ಸಿಕ್ಕ ಪರಿಚಯದವನ ಹಾಗೆ ಬಂದು ಹೋಗುತ್ತದೆ. ಅದು ಅವರ ಆಯ್ಕೆ. ನಗೆಹಬ್ಬ, ಹಾಸ್ಯಸಂಜೆಗಳು ಊರೂರಿನಲ್ಲಿ ಹಬ್ಬಿದಂತೆ ಆ ಮಾದರಿಯೇ ಎಲ್ಲರಿಗೂ ರಾಜಮಾರ್ಗವಾಯಿತು. ಬೆಂಗಳೂರಿನಲ್ಲಿ ಲೋಲ್‌ಬಾಗ್ ತಂಡದ ಹುಡುಗರು ಕನ್ನಡದಲ್ಲಿ ಸ್ಟ್ಯಾಂಡ್-ಅಪ್ ಕಟ್ಟಿದಾಗ ಟ್ರಾಫಿಕ್ಕು, ಆಫೀಸು, ಭಾಷೆಯ ಗೋಜಲು ಮುಂದೆ ಬಂದವು. ಹಿರಣ್ಣಯ್ಯನವರು ನಿಂತಿದ್ದ ಜಾಗ ಖಾಲಿಯೇ ಉಳಿದಿದೆ ಎಂದು ನನಗೆ ಅನಿಸುತ್ತದೆ.

ಆ ಜಾಗದಲ್ಲಿ ನಿಲ್ಲಲು ಈಗ ಯಾರು ಹೆದರುವುದಿಲ್ಲ? 2021ರ ಜನವರಿ 1ರಂದು ಇಂದೋರಿನಲ್ಲಿ ಸ್ಟ್ಯಾಂಡ್-ಅಪ್ ಹಾಸ್ಯಗಾರ ಮುನಾವರ್ ಫಾರೂಕಿಯನ್ನು ಪೊಲೀಸರು ಹಿಡಿದಾಗ ಅವರು ಆ ಸಂಜೆಯ ಮಾತು ಮುಗಿಸಿಯೇ ಇರಲಿಲ್ಲ. ಸುಪ್ರೀಂ ಕೋರ್ಟು ಜಾಮೀನು ಕೊಟ್ಟ ಮೇಲೆ ಹೊರಗೆ ಬರುವ ಹೊತ್ತಿಗೆ ಒಂದು ತಿಂಗಳು ಮೀರಿತ್ತು. ಅದೇ ವರ್ಷದ ನವೆಂಬರ್ 28ಕ್ಕೆ ಬೆಂಗಳೂರಿನಲ್ಲಿ ಅವರ ಕಾರ್ಯಕ್ರಮ ಇತ್ತು. ಶಾಂತಿ ಸುವ್ಯವಸ್ಥೆಯ ಕಾರಣ ಕೊಟ್ಟು ಪೊಲೀಸರು ಸಂಘಟಕರಿಗೆ ಪತ್ರ ಬರೆದರು. ಕಾರ್ಯಕ್ರಮ ನಿಂತಿತು. 2025ರ ಮಾರ್ಚಿನಲ್ಲಿ ಹಾಸ್ಯಗಾರ ಕುನಾಲ್ ಕಾಮ್ರಾ ಅವರ ಒಂದು ಅಣಕುಹಾಡು ಹೊರಬಂತು. ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಏಕನಾಥ ಶಿಂದೆಯವರ ಹೆಸರನ್ನು ಹಾಡಿನಲ್ಲಿ ಎತ್ತಲಿಲ್ಲ, ಚಹರೆ ಮಾತ್ರ ಹೇಳಿದರು. ಅದನ್ನು ಹಾಡಿದ ಮುಂಬೈಯ ಸ್ಟುಡಿಯೊವನ್ನು ಜನ ನುಗ್ಗಿ ಒಡೆದುಹಾಕಿದರು. ಮರುದಿನ ನಗರಪಾಲಿಕೆಯವರು ಬಂದು ಇನ್ನಷ್ಟು ಕೆಡವಿದರು. ಹೆಸರು ತೆಗೆಯಬೇಡ ಎಂದ ನಮ್ಮ ಕಾಕಾ ಅವರಿಗೆ ಈ ಸುದ್ದಿ ಓದಿ ಹೇಳಿದೆ. ಹೆಸರು ತೆಗೆಯದಿದ್ದರೂ ಹಿಂಗಾಯ್ತೇನಪಾ ಎಂದು ಬಹಳ ಹೊತ್ತು ಸುಮ್ಮನೆ ಕುಳಿತರು.

ಆ ವಾರವೆಲ್ಲ ನಾನು ಪತ್ರಿಕೆಗಳನ್ನು ಎಣಿಸಿ ಓದಿದೆ. ಒಡೆದ ಕುರ್ಚಿಗಳ ಚಿತ್ರ, ಎಫ್‌ಐಆರ್, ಈ ಪಕ್ಷದ ಹೇಳಿಕೆ, ಆ ಪಕ್ಷದ ಹೇಳಿಕೆ. ಹಾಡಿನಲ್ಲಿ ಕೇಳಿದ ಪ್ರಶ್ನೆ ಏನು, ಅದಕ್ಕೆ ಉತ್ತರವಿದೆಯೇ ಎಂದು ಹುಡುಕಿದರೆ ಸಿಗುವುದು ಕಷ್ಟ. ಹಾಸ್ಯಗಾರನ ಮಾತು ಹಬ್ಬದ ಸಂಜೆ ಮುಗಿದರೆ ನಗೆಗಡಲು, ಗಲಾಟೆಯಾದರೆ ವಿವಾದ. ಅವೆರಡರ ನಡುವೆ ಇರುವ ಮಾತಿಗೇ ನಾನು ಜಾಗ ಕೇಳುತ್ತಿರುವುದು. ಶಾಸಕರು ಅಡಿಗಲ್ಲು ಹಾಕಿ ಆಡಿದ ನಾಲ್ಕು ಮಾತಿಗೆ ಮೂರು ಕಾಲಂ ಇರುವಾಗ, ಅದೇ ಅಡಿಗಲ್ಲಿನ ಬಗ್ಗೆ ಗಣಿಯ ಕೆಲಸಗಾರನೊಬ್ಬ ಮೈಕಿನಲ್ಲಿ ಆಡಿದ ಒಂದು ಮಾತಿಗೆ ಒಂದು ಪ್ಯಾರಾ ಇರಲಿ. ಅವನ ಹೆಸರಿನ ಜತೆ ಇರಲಿ, ಅವನು ಹೆಸರಿಸಿದವರ ಹೆಸರಿನ ಜತೆ ಇರಲಿ. ರಾಯಚೂರಿನಿಂದ ಹೊರಡುವ ಪತ್ರಿಕೆಗಳೂ, ದೊಡ್ಡ ಪತ್ರಿಕೆಗಳ ಜಿಲ್ಲಾ ಪುಟಗಳೂ ಮನಸ್ಸು ಮಾಡಿದರೆ ಇದು ನಾಳೆ ಬೆಳಿಗ್ಗೆಯೇ ಆಗುವ ಕೆಲಸ.

ಅಲ್ಲಿಯ ತನಕ ನನ್ನ ಕೈಲಾದದ್ದನ್ನು ಮಾಡುತ್ತಿದ್ದೇನೆ. ನಮ್ಮ ಮಾವನಿಗೆ ಜಾತ್ರೆಯ ನಾಟಕಗಳ ಹುಚ್ಚು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ಒಂದೊಂದು ರಾತ್ರಿ ಒಂದೊಂದು ಕಂಪನಿಯ ತಂಬಿನಲ್ಲಿ ಬೆಳಗು ಮಾಡುತ್ತಿದ್ದ. ಹೋಗುವಾಗ ಬಗಲಲ್ಲಿ ಟೇಪ್ ರೆಕಾರ್ಡರ್, ರುಮಾಲಿನಲ್ಲಿ ಸುತ್ತಿದ ಖಾಲಿ ಕ್ಯಾಸೆಟ್ಟು. ಅವನು ತೀರಿಕೊಂಡ ಮೇಲೆ ಅವನ ಟ್ರಂಕಿನಲ್ಲಿ ಹನ್ನೊಂದು ಕ್ಯಾಸೆಟ್ಟು ಸಿಕ್ಕವು. ಮೇಲೆ ಊರಿಲ್ಲ, ವರ್ಷವಿಲ್ಲ, ಕಂಪನಿಯ ಹೆಸರಿಲ್ಲ. ಪೆನ್ಸಿಲ್ಲಿನಲ್ಲಿ ‘ಹಾಸ್ಯ’ ಎಂದು ಬರೆದಿದೆ, ಅಷ್ಟೇ. ಗೆಳೆಯ ಹಗಲು ಪಾಳಿ ಮುಗಿಸಿ ಬಂದ ಸಂಜೆಗಳಲ್ಲಿ ನಾವಿಬ್ಬರೂ ಅವನ್ನು ಕೇಳಿ, ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಮಾತಿಗೆ ಮಾತು ಇಳಿಸುತ್ತೇವೆ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ಟೇಪು ಸಿಕ್ಕಿಕೊಂಡರೆ ಒಂದು ಪೆನ್ಸಿಲ್ಲನ್ನು ಕ್ಯಾಸೆಟ್ಟಿನ ಗಾಲಿಯಲ್ಲಿ ತೂರಿಸಿ ತಿರುಗಿಸುತ್ತೇವೆ.

ಆರನೇ ಕ್ಯಾಸೆಟ್ಟಿನಲ್ಲಿ ಒಬ್ಬ ಹಾಸ್ಯದವನಿದ್ದಾನೆ. ಯಾರೋ ಗೊತ್ತಿಲ್ಲ. ದನಿ ನಮ್ಮ ಕಡೆಯದು. ಬರಗಾಲದ ಕಾಮಗಾರಿಯಲ್ಲಿ ಕಡಿದ ಬಾವಿ ಒಂದನ್ನು ಕಾಗದದ ಮೇಲೆ ಮೂರು ಸಲ ಕಡಿದ ಕತೆ ಹೇಳುತ್ತಿದ್ದಾನೆ. ಪೇಟಿ ಮಾಸ್ತರ ನಡುನಡುವೆ ಒಂದು ಸ್ವರ ಒತ್ತುತ್ತಾನೆ. ‘ಆ ಬಾವ್ಯಾಗ ನೀರಿಲ್ಲ, ಆದ್ರ ಅದರಾಗ ಮುಳುಗಿದ ರೊಕ್ಕ ಯಾರ ಮನ್ಯಾಗ ತೇಲಿತು ಅಂದ್ರ’ ಎಂದು ಹೇಳಿ ಒಂದು ಗಳಿಗೆ ನಿಲ್ಲುತ್ತಾನೆ. ತಂಬು ಉಸಿರು ಹಿಡಿದಿದೆ. ಆಮೇಲೆ ಹೆಸರು ಹೇಳುತ್ತಾನೆ. ಹೇಳಿದ ತಕ್ಷಣ ಇಡೀ ತಂಬು ಬಿದ್ದು ನಗುತ್ತದೆ, ಸಿಳ್ಳೆ, ಚಪ್ಪಾಳೆ, ಯಾರೋ ‘ವನ್ಸ್ ಮೋರ್’ ಅನ್ನುತ್ತಾರೆ, ಆ ಗದ್ದಲದ ಅಡಿಯಲ್ಲಿ ಹೆಸರು ಕೇಳಿಸುವುದಿಲ್ಲ. ಮೂರಕ್ಷರದ ಹೆಸರು, ಕೊನೆಗೆ ‘ಪ್ಪ’ ಎಂದಿದೆ, ಅಷ್ಟು ತಿಳಿಯುತ್ತದೆ. ಹದಿನೇಳು ಸಲ ಹಿಂದಕ್ಕೆ ತಿರುಗಿಸಿ ಕೇಳಿದ್ದೇವೆ. ನೋಟ್‌ಬುಕ್ಕಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಆ ಜಾತ್ರೆಗೆ ಮಾವನ ಜತೆ ಹೋಗುತ್ತಿದ್ದ ಮುದುಕರೊಬ್ಬರು ಮಸ್ಕಿಯಲ್ಲಿ ಇದ್ದಾರಂತೆ. ಬರುವ ಅಮಾವಾಸ್ಯೆ ಕಳೆದ ಮೇಲೆ ಗೆಳೆಯನಿಗೆ ರಜೆ ಸಿಗುತ್ತದೆ, ಟೇಪ್ ರೆಕಾರ್ಡರ್ ತೆಗೆದುಕೊಂಡು ಇಬ್ಬರೂ ಹೋಗುತ್ತೇವೆ.